ಸಬ್‌ಮೆರೀನ್ ಕಮಾಂಡರ್ ಪ್ರಧಾನಿಯಾದಾಗ: ಪೀಟ್ ಡೆ ಯೊಂಗ್ ಬಗ್ಗೆ ಮಾತಾಡೋಣ

ಹಳೇಪುಟ:

ಎಲ್ಲರಿಗೂ ನಮಸ್ಕಾರ. ಸೈನ್ಯದಿಂದ ರಾಜಕೀಯಕ್ಕೆ ಬಂದವರ ಮಾತು ಎದ್ದರೆ ನಾವು ಐಸನ್‌ಹೋವರ್, ಡಿ ಗಾಲ್ ಎಂದು ಎರಡು ಹೆಸರು ಹೇಳಿ ನಿಲ್ಲಿಸಿಬಿಡುತ್ತೇವೆ. ಇಬ್ಬರೂ ಭೂಸೇನೆಯ ಜನರಲ್‌ಗಳು. ನೌಕಾಪಡೆಯಿಂದ ಬಂದು ಸರ್ಕಾರ ನಡೆಸಿದವರು ಕಡಿಮೆ. ಅವರಲ್ಲಿ ನೆದರ್ಲೆಂಡ್ಸ್‌ನ ಪೀಟ್ ಡೆ ಯೊಂಗ್ ನನಗೆ ತುಂಬಾ ಹಿಡಿಸಿದ ವ್ಯಕ್ತಿ. ಕನ್ನಡದಲ್ಲಿ ಇವರ ಬಗ್ಗೆ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಹುಟ್ಟಿದ್ದು 1915ರ ಏಪ್ರಿಲ್ 3, ಅಪೆಲ್ಡೋರ್ನ್‌ನಲ್ಲಿ. ಕ್ಯಾಥೊಲಿಕ್ ಮನೆತನ. 1931ರಲ್ಲಿ, ಅಂದರೆ ಹದಿನಾರರ ವಯಸ್ಸಿನಲ್ಲಿ, ಡೆನ್ ಹೆಲ್ಡರ್‌ನ ನೌಕಾ ಅಕಾಡೆಮಿ ಸೇರಿದರು. 1934ರಲ್ಲಿ ಅಧಿಕಾರಿಯಾದರು. ಆಮೇಲೆ ಸಬ್‌ಮೆರೀನ್ ವಿಭಾಗ. 1940ರ ಮೇ 10ಕ್ಕೆ ಜರ್ಮನಿ ಹಾಲೆಂಡ್ ಮೇಲೆ ನುಗ್ಗಿತು. ಆಗ ಓ 24 ಎಂಬ ಸಬ್‌ಮೆರೀನ್ ರಾಟರ್‌ಡ್ಯಾಮ್‌ನ ಹಡಗುಕಟ್ಟೆಯಲ್ಲಿ ಇನ್ನೂ ಪೂರ್ತಿ ಸಿದ್ಧವಾಗಿರಲಿಲ್ಲ. ಮೇ 13ರಂದು ಹಾಗೇ ಇಂಗ್ಲೆಂಡಿಗೆ ಹೊರಟಿತು. ಅದರಲ್ಲಿ ಡೆ ಯೊಂಗ್ ಇದ್ದರು. ಮರುದಿನವೇ ರಾಟರ್‌ಡ್ಯಾಮ್ ಮೇಲೆ ಬಾಂಬ್ ಬಿತ್ತು, ಊರಿನ ನಡುಭಾಗ ನೆಲಸಮವಾಯಿತು. ಯುದ್ಧ ಮುಗಿಯುವ ತನಕ ಅವರು ಅದೇ ಸಬ್‌ಮೆರೀನ್‌ನಲ್ಲಿದ್ದರು. 1944ರಲ್ಲಿ ಅದರ ಕಮಾಂಡರ್ ಆದರು. ಆಗ ವಯಸ್ಸು 29.

ಯುದ್ಧದ ನಂತರದ ಮೆಟ್ಟಿಲುಗಳನ್ನು ಬೇಗ ಹೇಳಿಬಿಡುತ್ತೇನೆ. ನೌಕಾ ಸಚಿವರ ಸಹಾಯಕ ಅಧಿಕಾರಿ, 1951ರಲ್ಲಿ ಒಂದು ಫ್ರಿಗೇಟ್‌ನ ಕಮಾಂಡರ್, ಪೋರ್ಟ್ಸ್‌ಮತ್‌ನಲ್ಲಿ ನ್ಯಾಟೋ ಕಚೇರಿಯ ಕೆಲಸ, 1955ರಿಂದ ರಾಣಿ ಯೂಲಿಯಾನಾ ಅವರ ಆಪ್ತ ಸೇನಾ ಸಹಾಯಕ, 1958ರಲ್ಲಿ ಹೆಲ್ಡರ್‌ಲ್ಯಾಂಡ್ ಎಂಬ ಡಿಸ್ಟ್ರಾಯರ್‌ನ ಕ್ಯಾಪ್ಟನ್. 1959ರಲ್ಲಿ ಹಡಗು ಬಿಟ್ಟು ನೇರವಾಗಿ ರಕ್ಷಣಾ ಇಲಾಖೆಯ ರಾಜ್ಯ ಸಚಿವ, ನೌಕಾಪಡೆಯ ಹೊಣೆ. 1963ರಿಂದ 1967ರ ತನಕ ರಕ್ಷಣಾ ಸಚಿವ. ಈ ನಾಲ್ಕು ವರ್ಷಗಳಲ್ಲಿ ಮಾರೈನೆನ್, ಕಾಲ್ಸ್, ಝೈಲ್ಸ್ಟ್ರಾ ಎಂದು ಮೂರು ಪ್ರಧಾನಿಗಳು ಬಂದು ಹೋದರು. ರಕ್ಷಣಾ ಇಲಾಖೆಯಲ್ಲಿ ಮಾತ್ರ ಡೆ ಯೊಂಗ್ ಅವರೇ ಉಳಿದರು. 1967ರ ಏಪ್ರಿಲ್ 5ರಂದು ಪ್ರಧಾನಿಯಾದರು. 1971ರ ಜುಲೈ 6ರ ತನಕ ಇದ್ದರು.

ಎರಡನೇ ಮಹಾಯುದ್ಧದ ನಂತರ ಯಾವ ಸಂಪುಟ ಬಿಕ್ಕಟ್ಟೂ ಇಲ್ಲದೆ ನಾಲ್ಕು ವರ್ಷ ಪೂರೈಸಿದ ಮೊದಲ ಡಚ್ ಸರ್ಕಾರ ಇವರದು. ಅದೂ ಎಂಥ ನಾಲ್ಕು ವರ್ಷ! ಯೂರೋಪಿನ ಯುವಜನ ಬೀದಿಗಿಳಿದಿದ್ದ ಕಾಲ. ಸಮವಸ್ತ್ರ ಹಾಕಿದವರನ್ನು ಕಂಡರೆ ಆಗದ ಕಾಲ. ಆಗ ಒಬ್ಬ ನೌಕಾಧಿಕಾರಿ ಕೋಲು ಎತ್ತದೆ ದೇಶ ನಡೆಸಿದರು. ಇದು ಹೇಗೆ ಸಾಧ್ಯವಾಯಿತು ಎಂಬುದೇ ನನ್ನ ಪ್ರಶ್ನೆ. ನನ್ನ ಉತ್ತರವನ್ನೂ ಹೇಳುತ್ತೇನೆ: ಅವರು ನೌಕಾಪಡೆಯಿಂದ ತಂದದ್ದು ಆಜ್ಞೆ ಕೊಡುವ ಅಭ್ಯಾಸವಲ್ಲ. ತಮ್ಮ ತಮ್ಮ ಜಾಗದಲ್ಲಿ ನಿಂತವರನ್ನು ನಂಬುವ ಅಭ್ಯಾಸ. ಒಪ್ಪದವರು ಖಂಡಿತ ವಾದಿಸಿ.

ಅಘನಾಶಿನಿ:

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. ನಾನು ಉತ್ತರ ಕನ್ನಡದವನು, ಭಾರತೀಯ ನೌಕಾಪಡೆಯಲ್ಲಿ ಸೇವೆ ಮುಗಿಸಿ ಬಂದವನು. ನಿಮ್ಮ ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಯಾಕೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಕಾಲದ ಸಬ್‌ಮೆರೀನ್ ಅಂದರೆ ಡೀಸೆಲ್ ಮತ್ತು ಬ್ಯಾಟರಿ ಎರಡೂ ಸೇರಿದ್ದು. ಡೀಸೆಲ್ ಎಂಜಿನ್‌ಗೆ ಗಾಳಿ ಬೇಕು. ನೀರಿನೊಳಗೆ ಗಾಳಿ ಎಲ್ಲಿಂದ? ಹಾಗಾಗಿ ಮುಳುಗಿದಾಗ ಬ್ಯಾಟರಿಯೇ ಗತಿ. ಬ್ಯಾಟರಿ ಮುಗಿಯುವ ಮೊದಲು, ಸಾಮಾನ್ಯವಾಗಿ ರಾತ್ರಿ ಹೊತ್ತು, ಮೇಲೆ ಬಂದು ಡೀಸೆಲ್ ಓಡಿಸಿ ಚಾರ್ಜ್ ಮಾಡಿಕೊಳ್ಳಬೇಕು. ಅದೇ ಶತ್ರು ವಿಮಾನದ ಕಣ್ಣಿಗೆ ಬೀಳುವ ಹೊತ್ತು. ಇಂಥ ಯಂತ್ರದಲ್ಲಿ ಕಮಾಂಡರ್ ಒಬ್ಬನೇ ಪೆರಿಸ್ಕೋಪ್‌ನಲ್ಲಿ ಹೊರಗೆ ನೋಡುತ್ತಾನೆ. ಉಳಿದವರಿಗೆ ಏನೂ ಕಾಣುವುದಿಲ್ಲ. ಅವರು ಅವನನ್ನು ನಂಬಬೇಕು. ಇತ್ತ ಅವನಿಗೆ ಎಂಜಿನ್ ಕೋಣೆಯಲ್ಲಿ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಒಬ್ಬ ವಾಲ್ವ್ ತಪ್ಪಾಗಿ ತಿರುಗಿಸಿದರೆ ಎಲ್ಲರೂ ಹೋದರು. ಅಲ್ಲಿ ಕಿರುಚಾಡುವ ಕಮಾಂಡರ್‌ಗೆ ಬೆಲೆ ಇಲ್ಲ. ಮೆಲ್ಲಗೆ ಮಾತಾಡಿ, ಕೆಲಸ ಗೊತ್ತಿದ್ದವನಿಗೆ ಕೆಲಸ ಬಿಟ್ಟುಕೊಡುವವನೇ ಅಲ್ಲಿ ಉಳಿಯುತ್ತಾನೆ.

ಓ 24 ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. ಇದು ಓ 21 ವರ್ಗದ ಸಬ್‌ಮೆರೀನ್, ಉದ್ದ 77 ಮೀಟರ್ ಚಿಲ್ಲರೆ. ಈ ವರ್ಗಕ್ಕೆ ಡಚ್ಚರು ಸ್ನಾರ್ಕೆಲ್ ಹಾಕಿದ್ದರು. ನೀರಿನ ಮೇಲ್ಮೈಗೆ ಸ್ವಲ್ಪವೇ ಕೆಳಗಿದ್ದು, ಕೊಳವೆಯನ್ನು ಮಾತ್ರ ಹೊರಗೆ ಚಾಚಿ, ಅದರಿಂದ ಗಾಳಿ ಎಳೆದು ಡೀಸೆಲ್ ಓಡಿಸುವ ವ್ಯವಸ್ಥೆ. ವಿಖರ್ಸ್ ಎಂಬ ಡಚ್ ನೌಕಾಧಿಕಾರಿಯ ಯೋಚನೆ ಅದು. 1940ರಲ್ಲಿ ಈ ಸಬ್‌ಮೆರೀನ್‌ಗಳು ಇಂಗ್ಲೆಂಡಿಗೆ ಬಂದಾಗ ಬ್ರಿಟಿಷರು ಇದರಿಂದ ಉಪಯೋಗವಿಲ್ಲ ಎಂದು ತೆಗೆಸಿಹಾಕಿದರು. ಹಾಲೆಂಡ್‌ನಲ್ಲಿ ಸಿಕ್ಕ ಸಬ್‌ಮೆರೀನ್‌ಗಳಲ್ಲಿ ಜರ್ಮನ್ನರು ಅದೇ ಕೊಳವೆ ನೋಡಿದರು. ಯುದ್ಧದ ಕೊನೆಯ ವರ್ಷಗಳಲ್ಲಿ ತಮ್ಮ ಯು-ಬೋಟ್‌ಗಳಿಗೆ ಹಾಕಿಕೊಂಡರು. ಆಮೇಲೆ ಜಗತ್ತಿನ ಎಲ್ಲ ಡೀಸೆಲ್ ಸಬ್‌ಮೆರೀನ್‌ಗಳಿಗೂ ಅದು ಬಂತು. ಸಣ್ಣ ನೌಕಾಪಡೆಯ ದೊಡ್ಡ ಯೋಚನೆಯನ್ನು ದೊಡ್ಡ ನೌಕಾಪಡೆ ಕಿತ್ತುಹಾಕಿತು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಓ 24 ಮೊದಲು ಮೆಡಿಟರೇನಿಯನ್‌ನಲ್ಲಿ ಇಟಲಿಯ ಹಡಗುಗಳನ್ನು ಮುಳುಗಿಸಿತು. ಆಮೇಲೆ ನಮ್ಮ ಪಕ್ಕದ ಸಿಲೋನ್‌ಗೆ ಬಂತು. ಅಲ್ಲಿಂದ ಮಲಕ್ಕಾ ಜಲಸಂಧಿಗೆ ಗಸ್ತು. ಕೊನೆಗೆ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ನೆಲೆ. ಹಡಗು ಮುಳುಗಿಸುವುದೊಂದೇ ಅಲ್ಲ, ಜಪಾನ್ ಹಿಡಿತದಲ್ಲಿದ್ದ ಕರಾವಳಿಗೆ ಗುಪ್ತಚರರನ್ನು ಇಳಿಸುವ ಕೆಲಸವೂ ಇತ್ತು. ಕತ್ತಲಲ್ಲಿ ದಡದ ಹತ್ತಿರ ಬಂದು, ಜನರನ್ನು ಸಣ್ಣ ದೋಣಿಗೆ ಹತ್ತಿಸಿ, ಅವರು ಹೋಗುವ ತನಕ ಕಾಯಬೇಕು. ಟಾರ್ಪಿಡೊ ಹೊಡೆಯುವುದಕ್ಕಿಂತ ಇದು ಕಷ್ಟ. ಡೆ ಯೊಂಗ್ ಅವರಿಗೆ ಬ್ರಿಟಿಷರ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್ ಸಿಕ್ಕಿತು, ತಮ್ಮ ದೇಶದ ಕಂಚಿನ ಶಿಲುಬೆ ಪದಕವೂ ಸಿಕ್ಕಿತು.

ಅವರು ಪ್ರಧಾನಿಯಾದ 1967ರಲ್ಲೇ, ಡಿಸೆಂಬರ್ 8ರಂದು, ನಮ್ಮ ನೌಕಾಪಡೆಗೆ ಮೊದಲ ಸಬ್‌ಮೆರೀನ್ ಐಎನ್‌ಎಸ್ ಕಲ್ವರಿ ಸೇರಿತು.

ಮಂಡ್ಯ ಓದುಗ:

ಒಂದು ಅನುಮಾನ. 1959ರಲ್ಲಿ ಹಡಗಿನಿಂದ ಇಳಿದವರು ಅದೇ ವರ್ಷ ಸಚಿವರು ಹೇಗಾದರು? ಚುನಾವಣೆಗೆ ನಿಲ್ಲಬೇಕಲ್ವಾ? ನಮ್ಮಲ್ಲಾದರೆ ಸಚಿವರಾಗಿ ಆರು ತಿಂಗಳೊಳಗೆ ಸಂಸತ್ತಿಗೆ ಆಯ್ಕೆಯಾಗಬೇಕು.

ಹೇಗ್ ಕನ್ನಡತಿ:

ನಾನು ಇಲ್ಲಿ ಹೇಗ್‌ನಲ್ಲೇ ಇದ್ದೇನೆ, ಉತ್ತರ ಹೇಳುತ್ತೇನೆ. ಇಲ್ಲಿಯ ಪದ್ಧತಿ ನಮ್ಮದಕ್ಕೆ ಪೂರ್ತಿ ಉಲ್ಟಾ. ಸಚಿವರಾದವರು ಸಂಸತ್ ಸದಸ್ಯರಾಗಿ ಇರುವ ಹಾಗೇ ಇಲ್ಲ. ಸದಸ್ಯರಾಗಿದ್ದರೆ ಸಚಿವರಾದ ಮೇಲೆ ಆ ಸ್ಥಾನ ಬಿಡಬೇಕು. ಸರ್ಕಾರ ಬೇರೆ, ಅದನ್ನು ಪ್ರಶ್ನೆ ಮಾಡುವ ಸಂಸತ್ತು ಬೇರೆ ಎಂಬ ಲೆಕ್ಕ. ಹಾಗಾಗಿ ಪಕ್ಷಗಳು ಒಂದು ವಿಷಯ ಚೆನ್ನಾಗಿ ಬಲ್ಲವರನ್ನು ಹೊರಗಿನಿಂದ ಕರೆತರುವುದು ಇಲ್ಲಿ ಮಾಮೂಲು. ಡೆ ಯೊಂಗ್ ಅವರನ್ನು ಕರೆತಂದದ್ದು ಕ್ಯಾಥೊಲಿಕ್ ಪೀಪಲ್ಸ್ ಪಾರ್ಟಿ. ಆಗಿನ ಕಾಲಕ್ಕೆ ದೇಶದ ಅತಿ ದೊಡ್ಡ ಪಕ್ಷಗಳಲ್ಲಿ ಒಂದು.

ಇನ್ನೊಂದು ಮಾತು. ಡಚ್ ಪ್ರಧಾನಿಯ ಅಧಿಕಾರ ನಮ್ಮ ಪ್ರಧಾನಿಯಷ್ಟು ದೊಡ್ಡದಲ್ಲ. ಇನ್ನೊಬ್ಬ ಸಚಿವರನ್ನು ತಾವಾಗಿ ಕಿತ್ತುಹಾಕಲು ಬರುವುದಿಲ್ಲ. ಅವರ ಸ್ವಂತ ಇಲಾಖೆ ತುಂಬಾ ಚಿಕ್ಕದು. ಯಾವಾಗಲೂ ಸಮ್ಮಿಶ್ರ ಸರ್ಕಾರ. ಅಂದರೆ ಪ್ರಧಾನಿಯ ಮುಖ್ಯ ಕೆಲಸವೇ ಸಭೆ ನಡೆಸುವುದು, ಎಲ್ಲರನ್ನೂ ಜೊತೆಗೆ ಇಟ್ಟುಕೊಳ್ಳುವುದು. ಹಳೇಪುಟ ಅವರು ಹೇಳಿದ ಸ್ವಭಾವ ಈ ಕುರ್ಚಿಗೆ ಸರಿಯಾಗಿ ಹೊಂದಿತು.

ಅವರು ಪ್ರಧಾನಿಯಾಗುತ್ತಾರೆ ಎಂದು ಚುನಾವಣೆ ಹೊತ್ತಿಗೆ ಯಾರೂ ಹೇಳುತ್ತಿರಲಿಲ್ಲ. 1966ರ ಅಕ್ಟೋಬರ್‌ನಲ್ಲಿ ಕಾಲ್ಸ್ ಸರ್ಕಾರವನ್ನು ಅವರದೇ ಪಕ್ಷದ ಸಂಸದೀಯ ನಾಯಕ ಷ್ಮೆಲ್ಜರ್ ಒಂದು ರಾತ್ರಿ ಬೀಳಿಸಿದರು. ಇಲ್ಲಿಯ ಹಿರಿಯರು ಇವತ್ತಿಗೂ ಅದನ್ನು ಷ್ಮೆಲ್ಜರ್ ರಾತ್ರಿ ಎಂದೇ ನೆನೆಯುತ್ತಾರೆ. ಮುಂದಿನ ಫೆಬ್ರವರಿಯಲ್ಲಿ ಚುನಾವಣೆ. ಕ್ಯಾಥೊಲಿಕ್ ಪಕ್ಷ 50ರಿಂದ 42ಕ್ಕೆ ಇಳಿಯಿತು. ಡಿ66 ಎಂಬ ಹೊಸ ಪಕ್ಷ ಮೊದಲ ಸಲಕ್ಕೇ 7 ಸ್ಥಾನ ಗೆದ್ದಿತು. ಸರ್ಕಾರ ರಚಿಸಲು ಪ್ರೊಟೆಸ್ಟೆಂಟ್ ಪಕ್ಷವೊಂದರ ನಾಯಕ ಬೀಸ್‌ಹ್ಯೂವೆಲ್ ಪ್ರಯತ್ನಿಸಿದರು, ಆಗಲಿಲ್ಲ. ಆಮೇಲೆ ಡೆ ಯೊಂಗ್ ನಾಲ್ಕು ಪಕ್ಷ ಸೇರಿಸಿ 150ರಲ್ಲಿ 86 ಸ್ಥಾನದ ಬಲದೊಂದಿಗೆ ಸರ್ಕಾರ ಕಟ್ಟಿದರು.

ತುಂಗಾತೀರ:

ಇಷ್ಟು ಹೊತ್ತು ಹೊಗಳಿಕೆಯೇ ಜಾಸ್ತಿ ಆಯಿತು. ನನ್ನ ಆಕ್ಷೇಪ ಗಂಭೀರವಾದದ್ದು. ಅದನ್ನು ಪೂರ್ತಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

1945ರಿಂದ 1949ರ ತನಕ, ತನ್ನ ವಸಾಹತಾಗಿದ್ದ ಇಂಡೋನೇಷ್ಯಾದ ಸ್ವಾತಂತ್ರ್ಯ ಹೋರಾಟವನ್ನು ಹತ್ತಿಕ್ಕಲು ನೆದರ್ಲೆಂಡ್ಸ್ ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳಿಸಿತು. 1947ರ ಡಿಸೆಂಬರ್ 9ರಂದು ಜಾವಾದ ರಾವಗೆಡೆ ಎಂಬ ಹಳ್ಳಿಯಲ್ಲಿ ಗಂಡಸರನ್ನು ಸಾಲಾಗಿ ನಿಲ್ಲಿಸಿ ಕೊಂದರು. ಇಂಥವು ಅನೇಕ. ನೆದರ್ಲೆಂಡ್ಸ್‌ನಲ್ಲಿ ಇಪ್ಪತ್ತು ವರ್ಷ ಇದರ ಬಗ್ಗೆ ಹೆಚ್ಚುಕಡಿಮೆ ಮೌನ. 1969ರ ಜನವರಿ 17ರಂದು ಯೋಪ್ ಹ್ಯೂಟಿಂಗ್ ಎಂಬ ಮಾಜಿ ಸೈನಿಕ ಟಿವಿಯಲ್ಲಿ ಕುಳಿತು, ನಾವು ಯುದ್ಧಾಪರಾಧ ಮಾಡಿದ್ದೇವೆ, ನಾನೂ ಅದರಲ್ಲಿದ್ದೆ ಎಂದು ಹೇಳಿದರು. ದೇಶ ಕುದಿಯಿತು. ಅವರಿಗೆ ಕೊಲೆ ಬೆದರಿಕೆ ಬಂತು.

ಆಗ ಪ್ರಧಾನಿ ಯಾರು? ಡೆ ಯೊಂಗ್. ಅವರು ಏನು ಮಾಡಿದರು? ಸ್ವತಂತ್ರ ತನಿಖೆ ಮಾಡಿಸಲಿಲ್ಲ. ಅಧಿಕಾರಿಗಳ ಒಂದು ಗುಂಪಿಗೆ ಸರ್ಕಾರಿ ಕಡತ ಹುಡುಕಲು ಹೇಳಿದರು. ನಾಲ್ಕೈದು ತಿಂಗಳಲ್ಲಿ ವರದಿ ಸಿದ್ಧ. ಜೂನ್ 2ಕ್ಕೆ ಸಂಸತ್ತಿಗೆ ಕೊಟ್ಟರು. ಅಲ್ಲಲ್ಲಿ ಅತಿರೇಕ ನಡೆದಿರಬಹುದು, ಆದರೆ ಒಟ್ಟಾರೆ ಸೇನೆ ಸರಿಯಾಗಿಯೇ ನಡೆದುಕೊಂಡಿದೆ ಎಂಬುದು ಸರ್ಕಾರದ ನಿಲುವು. ಈ ನಿಲುವು ಐವತ್ತು ವರ್ಷ ಗಟ್ಟಿಯಾಗಿ ಕೂತಿತು. 2011ರಲ್ಲಿ ಹೇಗ್‌ನ ನ್ಯಾಯಾಲಯ ರಾವಗೆಡೆ ವಿಧವೆಯರ ಪರ ತೀರ್ಪು ಕೊಟ್ಟಿತು. 2022ರ ಫೆಬ್ರವರಿಯಲ್ಲಿ ಮೂರು ಸಂಶೋಧನಾ ಸಂಸ್ಥೆಗಳ ದೊಡ್ಡ ಅಧ್ಯಯನ, ಅತಿಯಾದ ಹಿಂಸೆ ಅಲ್ಲೊಂದು ಇಲ್ಲೊಂದು ನಡೆದದ್ದಲ್ಲ, ಅದು ವ್ಯಾಪಕವಾಗಿತ್ತು ಎಂದಿತು. ಅದೇ ದಿನ ಪ್ರಧಾನಿ ರುಟ್ಟೆ ಕ್ಷಮೆ ಕೇಳಿದರು. ಹ್ಯೂಟಿಂಗ್ ಅದನ್ನು ನೋಡಲು ಬದುಕಿರಲಿಲ್ಲ. ಡೆ ಯೊಂಗ್ ಕೂಡ ಇರಲಿಲ್ಲ.

ಈಗ ಹೇಳಿ ಹಳೇಪುಟ ಅವರೇ. ತಮ್ಮ ಜಾಗದಲ್ಲಿ ನಿಂತವರನ್ನು ನಂಬುವುದು ಎಂದಿರಿ. ಆ ನಂಬಿಕೆಯೇ ಇಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿತು ಎಂದು ನನಗೆ ಅನಿಸುತ್ತದೆ. ಸಮವಸ್ತ್ರದವರು ಸಮವಸ್ತ್ರದವರ ಮೇಲೆ ಅನುಮಾನ ಪಡುವುದು ಕಷ್ಟ.

ಹಳೇಪುಟ:

ತುಂಗಾತೀರ ಅವರೇ, ನೀವು ಹೇಳಿದ ಸಂಗತಿ ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. 1969ರ ಆ ನಿಲುವು ನ್ಯಾಯವಾಗಿರಲಿಲ್ಲ. ಆದರೆ ಅದನ್ನು ಸಮವಸ್ತ್ರದ ಖಾತೆಗೆ ಮಾತ್ರ ಹಾಕಬೇಡಿ ಎಂಬುದು ನನ್ನ ಕೋರಿಕೆ. ಆ ಸೈನಿಕರನ್ನು ಕಳಿಸಿದ ಸರ್ಕಾರಗಳಲ್ಲಿ ಕ್ಯಾಥೊಲಿಕ್ ಪಕ್ಷವೂ ಇತ್ತು, ಲೇಬರ್ ಪಕ್ಷವೂ ಇತ್ತು. 1969ರಲ್ಲಿ ವಿರೋಧ ಪಕ್ಷದಲ್ಲಿದ್ದ ಲೇಬರ್‌ನವರಿಗೂ ಹಳೆಯ ಗಾಯ ಕೆದಕಲು ಕಾರಣವಿರಲಿಲ್ಲ. ಲಕ್ಷಕ್ಕೂ ಹೆಚ್ಚು ಮಾಜಿ ಸೈನಿಕರು, ಅವರ ಮನೆಯವರು, ಎಲ್ಲರೂ ಮತದಾರರು. ನಾಗರಿಕ ರಾಜಕಾರಣಿ ಆ ಕುರ್ಚಿಯಲ್ಲಿದ್ದರೂ ಇದೇ ಆಗುತ್ತಿತ್ತು ಎಂದು ನಾನು ನಂಬುತ್ತೇನೆ.

ಇನ್ನೊಂದು ಕಡೆ ಗಮನಿಸಿ. ಆ ವರದಿಯ ಹಿಂದೆಮುಂದೆ ಏನೇನು ನಡೆಯಿತು? ಮೇ 16ರಂದು ವಿದ್ಯಾರ್ಥಿಗಳು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಆಡಳಿತ ಕಟ್ಟಡ ಮಾಗ್ಡೆನ್‌ಹೌಸ್ ಹಿಡಿದುಕೊಂಡರು. 21ಕ್ಕೆ ಪೊಲೀಸರು ತೆರವು ಮಾಡಿದರು. ಮೇ 30ರಂದು ಕೆರಿಬಿಯನ್‌ನ ಡಚ್ಚರಿಗೆ ಸೇರಿದ ಕುರಸಾವೊ ದ್ವೀಪದಲ್ಲಿ ತೈಲ ಕಾರ್ಮಿಕರ ಮುಷ್ಕರ ದಂಗೆಯಾಗಿ ವಿಲೆಮ್‌ಸ್ಟಾಡ್ ಊರಿಗೆ ಬೆಂಕಿ ಬಿತ್ತು. ಜೂನ್ 2ಕ್ಕೆ ಇಂಡೋನೇಷ್ಯಾ ವರದಿ. ಮೂರು ವಾರದೊಳಗೆ ಮೂರು ಬಿರುಗಾಳಿ. ಜನವರಿಯಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದು ಬೆಲೆ ಏರಿತ್ತು, ಏಪ್ರಿಲ್‌ನಲ್ಲಿ ಬೆಲೆಗಳನ್ನು ಸರ್ಕಾರವೇ ತಡೆಹಿಡಿದಿತ್ತು. ಯಾವುದೇ ಒಂದು ಸಾಕಿತ್ತು ಸರ್ಕಾರ ಬೀಳಲು.

ವಿದ್ಯಾರ್ಥಿಗಳ ವಿಷಯ ನೋಡಿ. ಪೊಲೀಸರು ಕಟ್ಟಡ ಖಾಲಿ ಮಾಡಿಸಿದರು, ನಿಜ. ಆದರೆ ಮುಂದಿನ ವರ್ಷವೇ ಶಿಕ್ಷಣ ಸಚಿವ ಫೆರಿಂಗಾ ಹೊಸ ಕಾನೂನು ತಂದರು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಗಳಲ್ಲಿ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಸ್ಥಾನ ಸಿಕ್ಕಿತು. ಬೇಡಿಕೆ ಇಟ್ಟು ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ! ಪ್ಯಾರಿಸ್‌ನಲ್ಲಿ, ಬರ್ಲಿನ್‌ನಲ್ಲಿ ಆದ ರಕ್ತಪಾತಕ್ಕೆ ಹೋಲಿಸಿ. ಇಲ್ಲಿ ಪ್ರಧಾನಿ ತಮ್ಮ ಸಚಿವರ ಕೆಲಸದಲ್ಲಿ ಕೈ ಹಾಕಲಿಲ್ಲ, ಅವರನ್ನು ಬಿಟ್ಟುಕೊಡಲೂ ಇಲ್ಲ.

ಅಘನಾಶಿನಿ:

ಕುರಸಾವೊ ವಿಷಯ ನನಗೆ ಮುಖ್ಯ ಅನಿಸುತ್ತದೆ. ಡಚ್ ಮರೀನ್‌ಗಳು ಅಲ್ಲಿಯ ಬೀದಿಗೆ ಇಳಿದರು. ದ್ವೀಪದ ಸರ್ಕಾರ ಕೇಳಿತು, ಒಪ್ಪಂದದ ಪ್ರಕಾರ ಕಳಿಸಲೇಬೇಕಿತ್ತು. ಆದರೆ ಬಿಳಿಯ ಸೈನಿಕರು ಕಪ್ಪು ಜನರ ಊರಿನಲ್ಲಿ ಬಂದೂಕು ಹಿಡಿದು ನಿಂತ ಚಿತ್ರ ಜಗತ್ತೆಲ್ಲ ಹರಡಿತು. ಇಂಡೋನೇಷ್ಯಾ ಮತ್ತೆ ಶುರುವಾಯಿತೇ ಎಂಬ ಮಾತು ಬಂತು. ಅದಾದ ಮೇಲೆ ಹೇಗ್‌ನಲ್ಲಿ ಕೆರಿಬಿಯನ್ ವಸಾಹತುಗಳನ್ನು ಬಿಟ್ಟುಬಿಡೋಣ ಎಂಬ ಯೋಚನೆ ಬಲವಾಯಿತು. 1975ರ ನವೆಂಬರ್ 25ಕ್ಕೆ ಸುರಿನಾಮ್ ಸ್ವತಂತ್ರವಾಯಿತು. ಬ್ರಿಟಿಷರ ಕಾಲದಲ್ಲಿ ಭಾರತದಿಂದ ಕೂಲಿಗೆ ಹೋದವರ ಮೊಮ್ಮಕ್ಕಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಸ್ವಾತಂತ್ರ್ಯದ ಹೊತ್ತಿಗೆ ಅವರಲ್ಲಿ ಎಷ್ಟೋ ಮಂದಿ ಹಾಲೆಂಡಿಗೆ ಬಂದು ನೆಲೆಸಿದರು.

ಹೇಗ್ ಕನ್ನಡತಿ:

ಹೌದು, ಹೇಗ್‌ನಲ್ಲಿ ಅವರ ಅಂಗಡಿಗಳು ತುಂಬಾ ಇವೆ. ಕರಿಬೇವು, ಬೆಂಡೆಕಾಯಿ ತರಲು ನಾವೆಲ್ಲ ಹೋಗುವುದು ಅಲ್ಲಿಗೇ.

ಭೂಪಟ:

ಯಾರೂ ನ್ಯೂ ಗಿನಿ ಮಾತೇ ಎತ್ತಲಿಲ್ಲ. ಡೆ ಯೊಂಗ್ ರಾಜ್ಯ ಸಚಿವರಾಗಿದ್ದ 1959ರಿಂದ 1963ರ ಅವಧಿಯಲ್ಲಿ ನೌಕಾಪಡೆಗೆ ಇದ್ದ ದೊಡ್ಡ ತಲೆನೋವು ಅದೇ. 1949ರಲ್ಲಿ ಇಂಡೋನೇಷ್ಯಾ ಕೈಬಿಟ್ಟ ಡಚ್ಚರು ನ್ಯೂ ಗಿನಿಯ ಪಶ್ಚಿಮ ಅರ್ಧವನ್ನು ಮಾತ್ರ ಹಿಡಿದುಕೊಂಡಿದ್ದರು. ಇಂಡೋನೇಷ್ಯಾ ಅಧ್ಯಕ್ಷ ಸುಕರ್ಣೊ ಅದು ತಮ್ಮದು ಎನ್ನುತ್ತಿದ್ದರು.

1960ರಲ್ಲಿ ನೆದರ್ಲೆಂಡ್ಸ್ ತನ್ನ ಒಂದೇ ವಿಮಾನವಾಹಕ ನೌಕೆ ಕಾರೆಲ್ ಡೋರ್ಮನ್ ಅನ್ನು ಅಲ್ಲಿಗೆ ಕಳಿಸಿತು. ಆಫ್ರಿಕಾ ಸುತ್ತಿಕೊಂಡು ಹೋಗಬೇಕಾಯಿತು. ಅದೇ ಪ್ರಯಾಣದಲ್ಲಿ ಜಪಾನ್ ಬಂದರಿಗೆ ಹೋಗುವ ಯೋಜನೆ ಇತ್ತು, ಇಂಡೋನೇಷ್ಯಾದ ಒತ್ತಡಕ್ಕೆ ಜಪಾನ್ ಬೇಡ ಎಂದಿತು. ಧ್ವಜ ತೋರಿಸಲು ಹೋದ ಹಡಗಿಗೆ, ಗೆಳೆಯರು ಎಷ್ಟು ಕಡಿಮೆ ಎಂಬುದು ದಾರಿಯಲ್ಲೇ ಗೊತ್ತಾಯಿತು. 1962ರ ಜನವರಿ 15ರಂದು ಅರಫುರಾ ಸಮುದ್ರದಲ್ಲಿ ಡಚ್ ನೌಕೆ ಇಂಡೋನೇಷ್ಯಾದ ಒಂದು ಟಾರ್ಪಿಡೊ ದೋಣಿಯನ್ನು ಮುಳುಗಿಸಿತು. ಅದರಲ್ಲಿದ್ದ ಕಮೊಡೋರ್ ಯೋಸ್ ಸುದರ್ಸೊ ಸತ್ತರು. ಇಂಡೋನೇಷ್ಯಾದಲ್ಲಿ ಇವತ್ತಿಗೂ ಅವರು ರಾಷ್ಟ್ರವೀರ. ಸಮುದ್ರದ ಮೇಲೆ ಡಚ್ಚರು ಗೆದ್ದರು. ಆದರೆ ಸೋವಿಯತ್ ಹಡಗು, ಸಬ್‌ಮೆರೀನ್ ಇಂಡೋನೇಷ್ಯಾಕ್ಕೆ ಬರುತ್ತಲೇ ಇದ್ದವು. ಕೆನಡಿ ಸರ್ಕಾರ ಡಚ್ಚರಿಗೆ ಬೆಂಬಲ ಕೊಡಲಿಲ್ಲ. ಆಗಸ್ಟ್ 15ಕ್ಕೆ ನ್ಯೂಯಾರ್ಕ್ ಒಪ್ಪಂದ, 1963ರ ಮೇ 1ಕ್ಕೆ ಆ ನೆಲ ಇಂಡೋನೇಷ್ಯಾದ ಕೈಗೆ. ಪಪುವಾದ ಜನರನ್ನು ಯಾರೂ ಸರಿಯಾಗಿ ಕೇಳಲಿಲ್ಲ ಎಂಬುದು ಬೇರೆಯೇ ದುಃಖ.

ಸಮುದ್ರದಲ್ಲಿ ಗೆದ್ದು ಮೇಜಿನ ಮೇಲೆ ಸೋಲುವುದನ್ನು ಡೆ ಯೊಂಗ್ ಹತ್ತಿರದಿಂದ ನೋಡಿದರು. ಬರೀ ಹಡಗಿನ ಬಲದಿಂದ ಏನೂ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಾದದ್ದು ಆಗಲೇ ಇರಬೇಕು. 1967ರ ಶಾಂತ ಪ್ರಧಾನಿಯನ್ನು ಅರ್ಥ ಮಾಡಿಕೊಳ್ಳಲು ಓ 24ಗಿಂತ ಈ ನಾಲ್ಕು ವರ್ಷ ಮುಖ್ಯ ಎಂದು ನನ್ನ ಅಭಿಪ್ರಾಯ.

ಹಳೇಪುಟ:

ಭೂಪಟ ಅವರೇ, ಇದು ತುಂಬಾ ಒಳ್ಳೆಯ ಮಾತು. 1970ರಲ್ಲಿ ಇಂಡೋನೇಷ್ಯಾದ ಮುಂದಿನ ಅಧ್ಯಕ್ಷ ಸುಹಾರ್ತೊ ಅವರನ್ನು ಹಾಲೆಂಡಿಗೆ ಕರೆಸಿದ್ದೂ ಡೆ ಯೊಂಗ್ ಸರ್ಕಾರವೇ. ಅದಕ್ಕೆ ಸ್ವಲ್ಪ ಮುಂಚೆ, ಆಗಸ್ಟ್ 31ರಂದು, ಮೊಲುಕ್ಕನ್ ಯುವಕರು (ಇಂಡೋನೇಷ್ಯಾದ ಮೊಲುಕ್ಕಾ ದ್ವೀಪಗಳ ಮೂಲದವರು) ವಾಸೆನಾರ್‌ನಲ್ಲಿ ಇಂಡೋನೇಷ್ಯಾ ರಾಯಭಾರಿಯ ಮನೆಗೆ ನುಗ್ಗಿದರು. ಒಬ್ಬ ಪೊಲೀಸ್ ಸತ್ತರು. ಇವರ ತಂದೆಯರು ಡಚ್ ವಸಾಹತು ಸೇನೆಯಲ್ಲಿದ್ದವರು. 1951ರಲ್ಲಿ ಸುಮಾರು 12,500 ಮಂದಿಯನ್ನು ಹಡಗಿನಲ್ಲಿ ಹಾಲೆಂಡಿಗೆ ತಂದು, ಸ್ವಲ್ಪ ಕಾಲಕ್ಕೆ ಎಂದು ಶಿಬಿರಗಳಲ್ಲಿ ಇಟ್ಟು ಮರೆತುಬಿಟ್ಟಿದ್ದರು. ಭೇಟಿ ರದ್ದು ಮಾಡಲಿಲ್ಲ, ಮೊಟಕು ಮಾಡಿದರು. ಸುಹಾರ್ತೊ ಬಂದು ಹೋದರು.

ಕಡಲಮಾತು:

ಡಚ್ ನೌಕಾಧಿಕಾರಿ ಸಚಿವ ಎಂದಾಗ ನನಗೆ ಮೊದಲು ನೆನಪಾಗುವುದು ರಾಂಬೊನೆ. ಮೊದಲ ಮಹಾಯುದ್ಧದ ಕಾಲದ ನೌಕಾ ಸಚಿವ, 1913ರಿಂದ 1918. ನೆದರ್ಲೆಂಡ್ಸ್ ಆಗ ತಟಸ್ಥ ದೇಶ. 1918ರಲ್ಲಿ ಯುದ್ಧನೌಕೆಯ ಕಾವಲಿನಲ್ಲಿ, ಇಂದಿನ ಇಂಡೋನೇಷ್ಯಾ ಆಗಿರುವ ಈಸ್ಟ್ ಇಂಡೀಸ್‌ಗೆ ಹಡಗುಗಳನ್ನು ಕಳಿಸಬೇಕೆಂದು ಯೋಜನೆ ಹಾಕಿದರು. ತಟಸ್ಥ ದೇಶದ ಯುದ್ಧನೌಕೆ ಕಾವಲಿದ್ದರೆ ಯಾರೂ ತಪಾಸಣೆ ಮಾಡುವಂತಿಲ್ಲ ಎಂಬುದು ಅವರ ನಿಲುವು. ಬ್ರಿಟಿಷರು ಒಪ್ಪಲಿಲ್ಲ. ಯಾರು ಹೋಗುತ್ತಾರೆ, ಏನು ಸಾಮಾನು ಎಂದು ಪಟ್ಟಿ ಬೇಕು ಎಂದರು. ವಿದೇಶಾಂಗ ಸಚಿವ ಲೌಡನ್ ಬಗ್ಗಿದರು. ಇದು ನೌಕಾಪಡೆಗೆ ಅವಮಾನ ಎಂದು ರಾಂಬೊನೆ ಜೂನ್‌ನಲ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. ಜುಲೈನಲ್ಲಿ ಹಡಗುಗಳು ಅವರಿಲ್ಲದೆಯೇ ಹೊರಟವು. ಆಮೇಲೆ ಅವರು ಡಚ್ ಸ್ಕೌಟ್ ಚಳವಳಿಯ ಮುಂದಾಳಾದರು.

ಒಂದೇ ಅಕಾಡೆಮಿಯ ಶಿಸ್ತು, ಸ್ವಭಾವ ಮಾತ್ರ ಎರಡು ತರ. ರಾಂಬೊನೆ ಮಾನಕ್ಕಾಗಿ ಹೊರಗೆ ಹೋದರು. ಡೆ ಯೊಂಗ್ ನ್ಯೂ ಗಿನಿ ಹೋದಾಗಲೂ ಒಳಗೇ ಉಳಿದರು. ಹಾಗಾಗಿ ನೌಕಾಪಡೆ ಒಂದು ಬಗೆಯ ನಾಯಕನನ್ನು ತಯಾರು ಮಾಡುತ್ತದೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಮಂಡ್ಯ ಓದುಗ:

ಇಷ್ಟೆಲ್ಲ ಚೆನ್ನಾಗಿ ನಡೆಸಿದವರು 1971ರಲ್ಲಿ ಯಾಕೆ ಮತ್ತೆ ಪ್ರಧಾನಿ ಆಗಲಿಲ್ಲ?

ಹೇಗ್ ಕನ್ನಡತಿ:

ಪಕ್ಷ ಅವರನ್ನು ಮುಂದೆ ನಿಲ್ಲಿಸಲಿಲ್ಲ, ಅಷ್ಟೇ. ಚುನಾವಣೆಗೆ ನಾಯಕರಾಗಿ ಫೆರಿಂಗಾ ಅವರನ್ನು ಆರಿಸಿತು. ಹೊಸ ಕಾಲಕ್ಕೆ ಹೊಸ ಮುಖ ಎಂಬ ಯೋಚನೆ. ನನಗೆ ಇದು ದೊಡ್ಡ ತಪ್ಪು ಅನಿಸುತ್ತದೆ. ಪಕ್ಷ 42ರಿಂದ 35ಕ್ಕೆ ಇಳಿಯಿತು. ನಾಲ್ಕು ಪಕ್ಷ ಸೇರಿ 74 ಆಯಿತು, ಬಹುಮತಕ್ಕೆ ಎರಡು ಕಡಿಮೆ. ಬೀಸ್‌ಹ್ಯೂವೆಲ್ ಐದನೇ ಪಕ್ಷ ಸೇರಿಸಿಕೊಂಡು ಸರ್ಕಾರ ಮಾಡಿದರು. ಒಂದು ವರ್ಷಕ್ಕೇ ಅದು ಒಡೆಯಿತು. ಡೆ ಯೊಂಗ್ ಮೇಲ್ಮನೆಗೆ ಹೋದರು, 1974ರಲ್ಲಿ ರಾಜಕೀಯ ಬಿಟ್ಟರು. ಆಮೇಲೆ ನಾಲ್ಕು ದಶಕ ಬದುಕಿದ್ದರು. 2016ರ ಜುಲೈ 27ರಂದು ಹೇಗ್‌ನಲ್ಲಿ ತೀರಿಕೊಂಡಾಗ 101 ವರ್ಷ.

ಅವರ ಕಾಲದ ಕಾನೂನುಗಳ ಪಟ್ಟಿ ನೋಡಿದರೆ ಇದು ಸಂಪ್ರದಾಯವಾದಿಗಳ ಸರ್ಕಾರ ಎಂದು ನಂಬುವುದು ಕಷ್ಟ. ಕನಿಷ್ಠ ವೇತನ ಕಾನೂನು. ನದಿ ಕಾಲುವೆಗಳಿಗೆ ಕೊಳಕು ಬಿಡುವವರಿಂದ ಹಣ ವಸೂಲಿ ಮಾಡುವ ಕಾನೂನು. ಕಡ್ಡಾಯ ಮತದಾನ ರದ್ದು. ವಿಚ್ಛೇದನ ಸುಲಭ. ಸಲಿಂಗಿಗಳಿಗೆ ಮಾತ್ರ ಬೇರೆ ವಯಸ್ಸಿನ ಮಿತಿ ಹಾಕಿದ್ದ ಹಳೆಯ ಕಲಂ 1971ರಲ್ಲಿ ಹೋಯಿತು. ಗ್ರೀಸ್‌ನಲ್ಲಿ ಸೇನಾಧಿಕಾರಿಗಳು ಸರ್ಕಾರ ಕಿತ್ತುಕೊಂಡಾಗ, ಅದು ನ್ಯಾಟೋ ಮಿತ್ರದೇಶವಾಗಿದ್ದರೂ, ಸ್ಕ್ಯಾಂಡಿನೇವಿಯದ ಮೂರು ದೇಶಗಳ ಜೊತೆ ಸೇರಿ ಯೂರೋಪಿನ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟರು. 1969ರ ಡಿಸೆಂಬರ್‌ನಲ್ಲಿ ಫ್ರಾನ್ಸ್ ಅಧ್ಯಕ್ಷ ಪೊಂಪಿಡು, ಪಶ್ಚಿಮ ಜರ್ಮನಿಯ ಚಾನ್ಸಲರ್ ಬ್ರಾಂಟ್ ಮೊದಲಾದವರು ಹೇಗ್‌ನಲ್ಲಿ ಸೇರಿದಾಗ ಅಧ್ಯಕ್ಷತೆ ಡೆ ಯೊಂಗ್ ಅವರದು. ಬ್ರಿಟನ್ ಯೂರೋಪಿನ ಕೂಟಕ್ಕೆ ಸೇರುವ ಬಾಗಿಲು ತೆರೆದದ್ದು ಆ ಸಭೆಯಲ್ಲಿ.

ತುಂಗಾತೀರ:

ಮೇಡಂ, ಆ ಪಟ್ಟಿಗೆ ಇನ್ನೊಂದನ್ನು ಸೇರಿಸಿ. 1971ರಲ್ಲಿ ಇದೇ ಸರ್ಕಾರ ಇದ್ದಾಗ ಯುದ್ಧಾಪರಾಧಗಳಿಗೆ ಕಾಲಮಿತಿ ಇಲ್ಲ ಎಂದು ಕಾನೂನು ಬಂತು. ನಾಜಿಗಳನ್ನು ಎಷ್ಟು ವರ್ಷದ ನಂತರವಾದರೂ ಹಿಡಿಯಬಹುದು. ಆದರೆ ಇಂಡೋನೇಷ್ಯಾದಲ್ಲಿ ಡಚ್ ಸೈನಿಕರು ಮಾಡಿದ್ದಕ್ಕೆ ಅದು ಅನ್ವಯಿಸದ ಹಾಗೆ ಮಾಡಿದರು. ರಾವಗೆಡೆಯಲ್ಲಿ ಬಂದೂಕು ಹಿಡಿದಿದ್ದ ಒಬ್ಬನ ಮೇಲೂ ಮೊಕದ್ದಮೆ ನಡೆಯಲಿಲ್ಲ.

ಅವರ ಧೈರ್ಯ, ತಾಳ್ಮೆ ಎರಡನ್ನೂ ನಾನು ಗೌರವಿಸುತ್ತೇನೆ. ಗ್ರೀಸ್‌ನ ಸೇನಾಧಿಕಾರಿಗಳ ಮೇಲೆ ದೂರು ಕೊಡಲು ಹಿಂಜರಿಯದವರು ತಮ್ಮ ಸೇನೆಯ ಕಡತ ಮುಚ್ಚಿದರು. ಎರಡೂ ಒಂದೇ ಮನುಷ್ಯನ ಕೆಲಸ. ಅವರ ಜೀವನ ಬರೆಯುವವರು ಎರಡನ್ನೂ ಒಂದೇ ಅಧ್ಯಾಯದಲ್ಲಿ ಬರೆಯಬೇಕು.

ಹಳೇಪುಟ:

ಒಪ್ಪುತ್ತೇನೆ ತುಂಗಾತೀರ ಅವರೇ. ಕನ್ನಡದಲ್ಲಿ ಇದನ್ನು ಲೇಖನವಾಗಿ ಬರೆಯುವ ಆಸೆ ಇದೆ. ಆ 1971ರ ಕಾನೂನು ಅದರಲ್ಲಿ ಇರುತ್ತದೆ. ಬರೆದ ಮೇಲೆ ಮೊದಲು ನಿಮಗೇ ಓದಲು ಕೊಡುತ್ತೇನೆ.

ಅಘನಾಶಿನಿ:

ಹೇಗ್ ಕನ್ನಡತಿ ಅವರಲ್ಲಿ ಒಂದು ವಿನಂತಿ. ಮಗಳು ಮುಂದಿನ ವರ್ಷ ಓದಲು ಆ ಕಡೆ ಬರುತ್ತಿದ್ದಾಳೆ, ನಾವೂ ಒಮ್ಮೆ ಬರುವ ಯೋಚನೆ. ಹಳೆಯ ಡಚ್ ಸಬ್‌ಮೆರೀನ್ ಒಳಗೆ ಹೋಗಿ ನೋಡುವ ಅವಕಾಶ ಇದೆಯೇ?

ಹೇಗ್ ಕನ್ನಡತಿ:

ಇದೆ ಸರ್, ಖಂಡಿತ ಬನ್ನಿ. ಡೆನ್ ಹೆಲ್ಡರ್‌ನ ನೌಕಾ ವಸ್ತುಸಂಗ್ರಹಾಲಯದಲ್ಲಿ ಟೊನೈನ್ ಎಂಬ ಸಬ್‌ಮೆರೀನ್ ಅನ್ನು ನೆಲದ ಮೇಲೆ ನಿಲ್ಲಿಸಿದ್ದಾರೆ, ಒಳಗೆ ನಡೆದು ನೋಡಬಹುದು. 1966ರಲ್ಲಿ ಸೇವೆಗೆ ಬಂದದ್ದು, ಅಂದರೆ ಡೆ ಯೊಂಗ್ ರಕ್ಷಣಾ ಸಚಿವರಾಗಿದ್ದಾಗ. ಒಂದೇ ಹೊದಿಕೆಯೊಳಗೆ ಮೂರು ಉದ್ದ ಕೊಳವೆ, ಮೇಲಿನದರಲ್ಲಿ ಸಿಬ್ಬಂದಿ, ಕೆಳಗಿನ ಎರಡರಲ್ಲಿ ಎಂಜಿನ್ ಮತ್ತು ಬ್ಯಾಟರಿ. ನಿಮ್ಮಂಥವರಿಗೆ ತುಂಬಾ ಹಿಡಿಸುತ್ತದೆ. ಆಮ್‌ಸ್ಟರ್‌ಡ್ಯಾಮ್‌ನಿಂದ ನೇರ ರೈಲಿದೆ, ಒಂದೂಕಾಲು ಗಂಟೆ ಚಿಲ್ಲರೆ. ಚಳಿಗಾಲ ಬಿಟ್ಟು ಬನ್ನಿ, ಅಲ್ಲಿಯ ಗಾಳಿ ತಡೆಯಲಾಗುವುದಿಲ್ಲ.